ಇಪ್ಪತ್ತಮೂರು ಸಲ ‘ಒಪ್ಪಿದೆ’

ಆಗಸ್ಟ್ 24, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಿಳಿಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಬರೆಯಲು ಕೂತಿದ್ದೇನೆ. ನಾನು ನಿವೃತ್ತಳಾಗಿ ಇವತ್ತಿಗೆ ಐವತ್ತೈದು ದಿನ. ನನ್ನ ವಯಸ್ಸು ಮೂವತ್ತೊಂದು.

“ಏನೇ ಅದು ಬೆಳಿಗ್ಗೆ ಬೆಳಿಗ್ಗೆನೇ ಬರವಣಿಗೆ?” ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

“ನಿವೃತ್ತಿ ಅನುಭವ ಬರೀತಿದ್ದೀನಮ್ಮ.”

“ಇನ್ನೂ ಮದ್ವೇನೇ ಆಗಿಲ್ಲ, ಇವಳಿಗೆ ನಿವೃತ್ತಿಯಂತೆ! ಎದ್ದು ಬೆಳ್ಳುಳ್ಳಿ ಬುಡಿಸು ಬಾ.”

ಅಮ್ಮನ ಆಕ್ಷೇಪಕ್ಕೆ ಆಧಾರವಿದೆ. ಆದರೆ ನನಗೆ ವಿಧಿವತ್ತಾಗಿ ಬೀಳ್ಕೊಡುಗೆ ಆಗಿದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮೂರೂ ಸಿಕ್ಕಿವೆ. ಬುಟ್ಟಿಯಲ್ಲಿ ಮೇಲಿನ ಸಾಲು ಸೇಬು, ಕೆಳಗಿನದು ಪೂರ್ತಿ ಹುಲ್ಲು. ಹುಣಸೂರಿನಲ್ಲಿ ಒಂದು ಖಾಸಗಿ ಸಂಸ್ಥೆ ನಡೆಸುತ್ತಿದ್ದ ಕುಟುಂಬ ಸಲಹಾ ಕೇಂದ್ರದಲ್ಲಿ ನಾನು ಆರು ವರ್ಷ ಸಲಹೆಗಾರ್ತಿ. ಅನುದಾನ ನಿಂತಿತು, ಕೇಂದ್ರ ಮುಚ್ಚಿತು. ಮುಚ್ಚಿದ ಅಂಗಡಿಯ ನೌಕರಳನ್ನು ‘ಕೆಲಸ ಕಳೆದುಕೊಂಡವಳು’ ಎಂದರೆ ಅಮಂಗಳ ಎಂದು ನಮ್ಮ ಮುಖ್ಯಸ್ಥರು ‘ನಿವೃತ್ತಿ’ ಎಂಬ ಮಾತು ಬಳಸಿದರು. ನಾನು ಒಪ್ಪಿಕೊಂಡೆ. ಪೇಟ ಚೆನ್ನಾಗಿತ್ತು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಂಡ ಹೆಂಡತಿ, ಅತ್ತೆ ಸೊಸೆ, ಅಣ್ಣ ತಮ್ಮಂದಿರನ್ನು ಕೂರಿಸಿ ಒಬ್ಬರನ್ನೊಬ್ಬರು ಕ್ಷಮಿಸುವಂತೆ ಮಾಡುವುದೇ ಕೆಲಸ. ಆರು ವರ್ಷದಲ್ಲಿ ನನ್ನ ಕೈಗೆ ಬಂದ ಕಡತಗಳು 611. ರಾಜಿಯಾದವು 388, ಆಗದವು 142, ಎರಡನೆಯ ಸಲ ಬರದೇ ಹೋದವು 81. ಕೂಡಿ ನೋಡಿ, ಸರಿಯಾಗಿದೆ. ಈ 388ರಲ್ಲಿ ಒಂದು ಕಡತ ನನ್ನ ಸ್ವಂತ ಅಕ್ಕ ಸುನಂದಳದ್ದು. ಅವಳೂ ಅವಳ ಗಂಡನೂ ರಾಜಿಯಾಗಿ ಸುಖವಾಗಿದ್ದಾರೆ. ಅಕ್ಕ ಮಾತು ಬಿಟ್ಟಿರುವುದು ನನ್ನ ಜೊತೆ. ಬಾಕಿ ಎಲ್ಲರ ವಿಷಯವನ್ನು ಬರೆಯುತ್ತ ಹೋಗುತ್ತೇನೆ, ಆದರೆ ನಾನು ಕೂತಿರುವುದು ಈ ಒಂದು ಕಡತಕ್ಕಾಗಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಮೇಲಧಿಕಾರಿಗಳ ಸ್ಮರಣೆ. ನಮ್ಮ ಮುಖ್ಯಸ್ಥರು ಗುರುಮಲ್ಲಪ್ಪ ಮೇಷ್ಟ್ರು, ನಿವೃತ್ತ ಹೈಸ್ಕೂಲ್ ಅಧ್ಯಾಪಕರು. ಕೇಂದ್ರದ ಗೋಡೆಯ ಮೇಲೆ ಅವರು ದಪ್ಪ ಅಕ್ಷರದಲ್ಲಿ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಬರೆಸಿದ್ದರು. ಉಂಡು ಮಲಗಿದ ಮೇಲೂ ಮುಗಿಯದವರೇ ಅಲ್ಲವೇ ಸಾರ್, ಬಸ್ಸು ಹತ್ತಿ ನಮ್ಮ ಹತ್ತಿರ ಬರುವುದು ಎಂದು ಮೊದಲ ವಾರವೇ ಕೇಳಿದೆ. “ಬೋರ್ಡು ಅಂದ್ರೆ ಬೋರ್ಡು ಕಣಮ್ಮ. ಔಷಧಿ ಅಂಗಡಿ ಮುಂದೆ ಆರೋಗ್ಯವೇ ಭಾಗ್ಯ ಅಂತ ಹಾಕಿರಲ್ವಾ?” ಎಂದರು. ಅದನ್ನು ದಿನಚರಿಯಲ್ಲಿ ಬರೆದುಕೊಂಡೆ.

ಮೇಷ್ಟ್ರದ್ದು ಟೀ ಪದ್ಧತಿ. ಗಂಡ ಹೆಂಡತಿಯನ್ನು ಒಂದು ಕೋಣೆಯಲ್ಲಿ ಕೂರಿಸುವುದು, ಎದುರಿನ ಹೋಟೆಲಿನಿಂದ ಒಂದೇ ಒಂದು ಲೋಟ ಟೀ ತರಿಸಿ ಇಬ್ಬರ ನಡುವೆ ಇಡುವುದು, “ಇನ್ನೊಂದು ಬರ್ತಾ ಇದೆ” ಎಂದು ಸುಳ್ಳು ಹೇಳಿ ತಾವು ಹೊರಗೆ ಹೋಗಿ ಪೇಪರು ಓದುವುದು. ಕಾಲು ಗಂಟೆ ಬಿಟ್ಟು ಒಳಗೆ ಬಂದು ಲೋಟ ಯಾರ ಮುಂದಿದೆ ಎಂದು ನೋಡುವುದು. ಇದು ಅವರ ಸಂಪೂರ್ಣ ತಪಾಸಣೆ. ಲೋಟ ಇಟ್ಟ ಜಾಗದಲ್ಲೇ ಕೆನೆಗಟ್ಟಿದ್ದರೆ “ಈಗ ಆಗಲ್ಲ, ಹದಿನೈದು ದಿನ ಬಿಟ್ಟು ಬನ್ನಿ” ಎನ್ನುತ್ತಿದ್ದರು. ಒಬ್ಬರು ಇನ್ನೊಬ್ಬರ ಕಡೆಗೆ ಬೆರಳಷ್ಟು ದೂಡಿದ್ದರೂ “ಇವತ್ತೇ ಕರ್ಕೊಂಡ್ ಹೋಗಪ್ಪ” ಎನ್ನುತ್ತಿದ್ದರು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಬಂದ ನನಗೆ ಇದನ್ನು ನೋಡಿ ಮೈ ಉರಿಯಿತು. ಒಂದು ಪದ್ಧತಿಗೆ ನಮೂನೆ ಬೇಡವೇ, ದಾಖಲೆ ಬೇಡವೇ?

ಹಾಗಾಗಿ ನಾನು ಪಟ್ಟಿ ಪದ್ಧತಿ ತಂದೆ. ನೊಂದವರು ತಮಗೆ ಆದ ನೋವುಗಳನ್ನು ದಿನಾಂಕದೊಂದಿಗೆ ಕ್ರಮಸಂಖ್ಯೆ ಹಾಕಿ ಬರೆಯಬೇಕು. ನೋಯಿಸಿದವರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಪ್ರತಿಯೊಂದರ ಕೆಳಗೆ ‘ಒಪ್ಪಿದೆ’ ಅಥವಾ ‘ಒಪ್ಪಿಲ್ಲ’ ಎಂದು ಬರೆದು ಸಹಿ ಹಾಕಬೇಕು. ಎಲ್ಲವೂ ‘ಒಪ್ಪಿದೆ’ ಆದರೆ ಕ್ಷಮೆ ಕೇಳಿದಂತೆ, ನೊಂದವರು ಕೊನೆಗೆ ಸಹಿ ಹಾಕಿದರೆ ಕೊಟ್ಟಂತೆ. ಮೇಷ್ಟ್ರು ನಮೂನೆಯನ್ನು ತಿರುವಿ ಹಾಕಿ ನೋಡಿದರು. “ಚೆನ್ನಾಗದೆ. ಜಮೀನಿನ ಪಹಣಿ ಥರ ಅದೆ” ಎಂದರು. ಅದನ್ನು ನಾನು ಹೊಗಳಿಕೆ ಎಂದೇ ಬರೆದುಕೊಂಡಿದ್ದೇನೆ.

ವಾರಕ್ಕೊಂದು ದಿನ ಕೆ.ಆರ್. ನಗರದಲ್ಲಿ, ಒಂದು ದಿನ ಎಚ್.ಡಿ. ಕೋಟೆಯಲ್ಲಿ ನಾನು ಹೋಗಿ ಕೂರುತ್ತಿದ್ದೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ ನನಗೇ: “ಮೇಡಂ, ನಿಮ್ಗೆ ಮದ್ವೆ ಆಗಿದ್ಯಾ?” ಇಲ್ಲ ಎಂದರೆ ಗಂಡ ಹೆಂಡತಿ ಇಬ್ಬರೂ ಒಂದೇ ಸಲ ನಗುತ್ತಿದ್ದರು. ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಆದ ಮೇಲೆ ಗಂಡ ಹೆಂಡತಿ ಸೇರಿ ಮಾಡಿದ ಮೊದಲ ಕೆಲಸ ನನ್ನನ್ನು ನೋಡಿ ನಕ್ಕದ್ದು. ನನ್ನ ಸೇವೆಯಲ್ಲಿ ಇದನ್ನೂ ಸೇರಿಸಬೇಕು.

ಅಂತರಸಂತೆಯ ಒಬ್ಬ ಹೆಂಗಸು ಗಂಡನ ಮೇಲೆ ಸಿಟ್ಟಾಗಿ ತವರಿಗೆ ಹೋದವಳು ಹನ್ನೆರಡನೆಯ ದಿನ ತಾನಾಗಿಯೇ ವಾಪಸು ಹೋಗಿಬಿಟ್ಟಿದ್ದಳು. ಕಡತ ಮುಗಿಸಬೇಕಲ್ಲ, ಕ್ಷಮಿಸಲು ಕಾರಣವೇನು ಎಂದು ಕೇಳಿದೆ.

“ಕ್ಸಮೆ ಗಿಮೆ ಏನಿಲ್ಲ ಕಣ್ರವ್ವ. ಕೋಳಿಗೆ ಕಾಳ್ ಆಕೋರು ಇರ್ನಿಲ್ಲ.”

“ನಿಮ್ಮ ಗಂಡ ಇದ್ರಲ್ಲ?”

“ಅವ್ನಾ? ಅವನ್ಗೂ ಆಕೋರು ಇರ್ನಿಲ್ಲ.”

ಕಾರಣದ ಕಾಲಮ್ಮಿನಲ್ಲಿ ‘ಕೋಳಿ’ ಎಂದು ಬರೆದೆ. ಮೇಷ್ಟ್ರು ಅದನ್ನು ಹೊಡೆದು ‘ಪರಸ್ಪರ ತಿಳಿವಳಿಕೆ’ ಎಂದು ತಿದ್ದಿದರು. ವರ್ಷದ ವರದಿಯಲ್ಲಿ ಪರಸ್ಪರ ತಿಳಿವಳಿಕೆಯಿಂದ ಒಂದಾದ ದಂಪತಿಗಳು ಬಹಳ ಇದ್ದರು. ಅವರಲ್ಲಿ ಎಷ್ಟು ಜನ ಕೋಳಿಯವರೋ ದೇವರಿಗೇ ಗೊತ್ತು.

ಮಿರ್ಲೆಯ ಪ್ರಕರಣ ನನ್ನ ಪಟ್ಟಿ ಪದ್ಧತಿಯ ಮೊದಲ ಜಯ, ಮೊದಲ ಸೋಲು ಕೂಡ. ವಯಸ್ಸಾದ ಗಂಡ ಹೆಂಡತಿ, ಒಂದೇ ಮನೆಯಲ್ಲಿದ್ದೂ ಒಂಬತ್ತು ವರ್ಷದಿಂದ ಮಾತಿಲ್ಲ. ಎಲ್ಲ ವ್ಯವಹಾರ ಕೊಟ್ಟಿಗೆಯ ಎಮ್ಮೆಯ ಮೂಲಕ. “ಏ ಎಮ್ಮೆ, ಸಾರ್ಗೆ ಉಪ್ಪಿಲ್ಲ ಅಂತ ಏಳು.” “ಏ ಎಮ್ಮೆ, ಉಪ್ಪಿನ ಡಬ್ಬ ಎಲ್ಲದೆ ಅಂತ ಕಣ್ಣಿದ್ದೋರ್ಗೆ ಗೊತ್ತಾಯ್ತದೆ ಅಂತ ಏಳು.” ಸೊಸೆಗೆ ಇದು ಸಾಕಾಗಿ ನಮ್ಮ ಹತ್ತಿರ ಬಂದಳು. ನಾನು ಮೂರು ಸಲ ಹೋದೆ, ಪಟ್ಟಿ ಬರೆಸಿದೆ, ಓದಿಸಿದೆ, ಹದಿನಾಲ್ಕು ‘ಒಪ್ಪಿದೆ’ ಹಾಕಿಸಿದೆ. ನೇರವಾಗಿ ಮಾತಾಡಲು ಶುರು ಮಾಡಿದರು. ಹತ್ತೇ ದಿನಕ್ಕೆ ಸೊಸೆ ಓಡಿ ಬಂದಳು.

“ಮೇಡಂ, ದಮ್ಮಯ್ಯ ಅಂತೀನಿ, ಮೊದ್ಲಿದ್ದಂಗೇ ಮಾಡ್ಬುಡಿ!”

“ಯಾಕಮ್ಮ, ಮಾತಾಡ್ತಿದ್ದಾರಲ್ಲ?”

“ಅದೇ ಕಣ್ರೀ ಬಂದಿರೋ ತೊಂದ್ರೆ! ಒಂಬತ್ ವರ್ಸದ್ದೂ ಈಗ ಆಡ್ತಾವ್ರೆ. ಎಮ್ಮೆ ಇದ್ದಾಗ ವಸಿ ನಾಚ್ಕೆ ಇತ್ತು.”

ರಾಜಿಯನ್ನು ರದ್ದು ಮಾಡುವ ಕಲಮು ನಮ್ಮ ನಮೂನೆಯಲ್ಲಿ ಇರಲಿಲ್ಲ. ಆದ್ದರಿಂದ ಅದು ಇವತ್ತಿಗೂ 388ರಲ್ಲೇ ಇದೆ. ಪಟ್ಟಿ ಬರೆಸುವಾಗ ಅವರು ಮರೆತಿದ್ದನ್ನೂ ನಾನು ನೆನಪಿಸಿದ್ದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ನಡುವೆ ಮೇಲಿನವರು ಕಂಪ್ಯೂಟರ್ ಕೊಟ್ಟರು. ಸಮಸ್ಯೆಯ ವಿಧವನ್ನು ಪರದೆಯ ಮೇಲಿನ ಪಟ್ಟಿಯಿಂದ ಆರಿಸಬೇಕು. ಕುಡಿತ, ಅನುಮಾನ, ಅತ್ತೆ, ಆಸ್ತಿ, ಇತರೆ. ಜನ ತಂದದ್ದರಲ್ಲಿ ಬಹುಪಾಲು ‘ಇತರೆ’. ‘ನಾನು ಹೊಸ ಸೀರೆ ಉಟ್ಟಾಗ ನೋಡಲಿಲ್ಲ’ ಎಂಬುದು ಇತರೆ. ‘ಜ್ವರ ಬಂದಾಗ ಹಣೆ ಮುಟ್ಟಲಿಲ್ಲ’ ಎಂಬುದು ಇತರೆ. ಮೇಷ್ಟ್ರು ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿ, ನನ್ನನ್ನು ಅದರ ಮುಂದೆ ಕೂರಿಸಿ, ತಾವು ಟೀ ತರಿಸುವುದನ್ನು ಮುಂದುವರಿಸಿದರು.

ಈಗ ಅಕ್ಕನ ಕಡತಕ್ಕೆ ಬರುತ್ತೇನೆ. ಇದರಲ್ಲಿ ನಾನು ತಮಾಷೆ ಮಾಡಿದರೆ ಅಭ್ಯಾಸಬಲ ಎಂದುಕೊಳ್ಳಿ.

ಅಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಗೆ. ಭಾವ ಮಹದೇವಸ್ವಾಮಿ ಹೊಗೆಸೊಪ್ಪು ಬೆಳೆಯುತ್ತಾರೆ. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ ಒಲೆಗೆ ಬೆಂಕಿ ಹಾಕಿದರೆ ಐದಾರು ದಿನ ಬೇಯಿಸಬೇಕು. ಶಾಖ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಹಸಿರು. ಬೆಂಕಿ ಹಾಕಿದವನು ಬ್ಯಾರನ್ ಬಿಟ್ಟು ಕದಲುವಂತಿಲ್ಲ. ನಮ್ಮ ಕೇಂದ್ರಕ್ಕೂ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯ ಜಗಳಗಳು ಬರುತ್ತಿರಲಿಲ್ಲ. ಜಗಳಕ್ಕೂ ಪುರುಸೊತ್ತು ಬೇಕು.

ಹೋದ ವರ್ಷ ಆಗಸ್ಟ್ 9ಕ್ಕೆ ನಮ್ಮ ಅಪ್ಪ ಹೋದರು. ಮಣ್ಣಿಗೆ ಭಾವ ಬಂದಿದ್ದರು. 19ನೇ ತಾರೀಖು ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬರಲಿಲ್ಲ. ಹಿಂದಿನ ದಿನ ಬ್ಯಾರನ್‌ಗೆ ಬೆಂಕಿ ಹಾಕಿದ್ದರು. ನೆಂಟರೆಲ್ಲ ಊಟಕ್ಕೆ ಕೂತಾಗ “ಅಳಿಯ ಎಲ್ಲಿ?” ಎಂದು ಕೇಳಿದವರು ನನ್ನ ಲೆಕ್ಕದಲ್ಲಿ ಹನ್ನೊಂದು ಜನ. ಮೊದಲ ಹತ್ತು ಜನಕ್ಕೆ ಅಕ್ಕ “ಸೊಪ್ಪು” ಎಂದಳು. ಹನ್ನೊಂದನೆಯವರು ಕೇಳಿದಾಗ ಎದ್ದು ಹಿತ್ತಲಿಗೆ ಹೋದಳು. ಕಾರ್ಯ ಮುಗಿದ ಮೇಲೆ ಅವಳು ಗಂಡನ ಮನೆಗೆ ಹೋಗಲಿಲ್ಲ. ಭಾವನೂ ಬರಲಿಲ್ಲ. ನಾಚಿಕೆ ಇರಬೇಕು. ದಿನ ಕಳೆದಷ್ಟೂ ನಾಚಿಕೆ ದಪ್ಪವಾಗುತ್ತ ಹೋಯಿತು.

ನಾನು ಸಮಾಲೋಚನೆ ಮಾಡುತ್ತೇನೆ ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸ್ವಂತ ಮನೆ ಕೇಸು ಮುಟ್ಬೇಡ ಕಣಮ್ಮ. ನಿಂಗೆ ಅಲ್ಲಿ ತಂಗಿ ಕೆಲ್ಸ ಅದೆ. ಅದನ್ನ ಮಾಡೋರು ಬೇರೆ ಯಾರೂ ಇಲ್ಲ. ಸಲಹೆ ಹೇಳೋಕೆ ಊರು ತುಂಬ ಜನ ಅವ್ರೆ.”

ಆರು ವರ್ಷದಲ್ಲಿ ಅವರು ಹೇಳಿದ ಸರಿಯಾದ ಮಾತುಗಳು ಮೂರು ನಾಲ್ಕಿರಬಹುದು. ಇದು ಅವುಗಳಲ್ಲಿ ಒಂದು. ನಾನು ಕೇಳಲಿಲ್ಲ. ಜೊತೆಗೆ ಬನ್ನಿ ಎಂದರೆ ಮೇಷ್ಟ್ರೂ ಬರಲಿಲ್ಲ.

ಅಕ್ಕನ ಕೈಗೆ ನಮೂನೆ ಕೊಟ್ಟೆ. ಹಿತ್ತಲಲ್ಲಿ ಕೂತು ಬರೆದು ತಂದು ಕೊಟ್ಟಳು. ಒಂದೇ ಸಾಲು ಇತ್ತು: ‘1. ನಮ್ಮಪ್ಪನ ಕಾರ್ಯಕ್ಕೆ ಬರಲಿಲ್ಲ.’

“ಒಂದೇನಾ?” ಎಂದೆ.

“ಇನ್ನೇನ್ ಬರೀಲಿ?”

“ಹನ್ನೆರಡು ವರ್ಷದ ಸಂಸಾರಕ್ಕೆ ಒಂದೇ ತಪ್ಪು ಅಂದ್ರೆ ಅವರ ಕಡೆಯವರು ನಿನ್ನೇ ಬೈತಾರೆ ಅಕ್ಕ. ಇಷ್ಟಕ್ಕೆ ಮನೆ ಬಿಟ್ಟು ಬಂದ್ಳಾ ಅಂತಾರೆ.”

“ಅಷ್ಟೇ ಕಣೆ ನಂಗಿರೋದು. ಬುಡು.”

ನಾನು ಬಿಡಲಿಲ್ಲ. ಹೈಸ್ಕೂಲಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಅಕ್ಕ ತವರಿಗೆ ಬಂದಾಗಲೆಲ್ಲ ಹಿತ್ತಲ ಕಲ್ಲಿನ ಮೇಲೆ ಕೂತು ನನ್ನ ಹತ್ತಿರ ಹೇಳಿಕೊಂಡದ್ದೆಲ್ಲ ಅದರಲ್ಲಿ ದಿನಾಂಕ ಸಮೇತ ಇತ್ತು. ಎರಡು ದಿನ ಕೂತು ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಅವಳ ಒಂದು ಸಾಲಿನ ಕೆಳಗೆ ಇಪ್ಪತ್ತೆರಡು ಸೇರಿಸಿದೆ. ಅವಳಿಗೆ ತೋರಿಸಲಿಲ್ಲ. ಅಚ್ಚರಿಯಾಗಲಿ, ತಂಗಿ ತನ್ನ ಪರವಾಗಿ ಇಷ್ಟು ದುಡಿದಳಲ್ಲ ಎಂದು ಕಣ್ಣು ತುಂಬಿಕೊಳ್ಳಲಿ ಎಂದು ಆಸೆ. ಕಣ್ಣೇನೋ ತುಂಬಿತು.

ಸೆಪ್ಟೆಂಬರ್ 15, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಇದೇ ನಡುಮನೆ. ಚಾಪೆಯ ಮೇಲೆ ಭಾವ, ಅವರ ತಾಯಿ, ನಮ್ಮ ಚಿಕ್ಕಪ್ಪ, ಅಮ್ಮ, ಅಕ್ಕ. ನಾನು ಮಾತ್ರ ಕುರ್ಚಿಯ ಮೇಲೆ. ಭಾವನ ಬೆರಳುಗಳು ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಕಾಗದ ಕೊಟ್ಟು “ಗಟ್ಟಿಯಾಗಿ ಓದಿ ಭಾವ” ಎಂದೆ.

ಮೊದಲನೆಯದನ್ನು ಓದಿದರು. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದರು.

“ಬರ್ಬೇಕಿತ್ತು ಕಣೆ ಸುನಂದ. ಸೊಪ್ಪು ಕರ್ರಗಾದ್ರೆ ಆಗ್ಲಿ ಅಂತ ಎದ್ದು ಬರ್ಬೇಕಿತ್ತು. ಮಾವ ನಂಗೆ ಬ್ಯಾರನ್ ಕಟ್ಸೋವಾಗ ಹೆಗಲ ಮೇಲೆ ಕಲ್ಲು ಹೊತ್ತವ್ರೆ. ಒಲೆ ಮುಂದೆ ಕೂತ್ಕಂಡು ಅದ್ನೇ ನೆನೀತಿದ್ದೆ. ಎದ್ದು ಬರೋಕೆ ಮಾತ್ರ ಆಗ್ನಿಲ್ಲ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ನೀರು ತತ್ತೀನಿ, ಇರಿ” ಎಂದಳು. ಭಾವನಿಗೆ ನೀರು. ಮೇಷ್ಟ್ರು ಅಲ್ಲಿದ್ದಿದ್ದರೆ ಅಲ್ಲಿಗೇ ಪೇಪರು ಮಡಚಿ ಎದ್ದು ಹೋಗುತ್ತಿದ್ದರು.

ನಾನು ಹೇಳಿದೆ: “ಕೂತ್ಕೊ ಅಕ್ಕ, ಇನ್ನೂ ಇಪ್ಪತ್ತೆರಡು ಇದೆ.”

ಈ ವಾಕ್ಯವನ್ನು ಹೊಸಬರು ಬೇಕಾದರೆ ಗೋಡೆಗೆ ಬರೆಸಿ ಹಾಕಿಕೊಳ್ಳಬಹುದು, ಹೇಗೆ ಮಾಡಬಾರದು ಎಂಬುದಕ್ಕೆ.

ಭಾವ ಓದುತ್ತ ಹೋದರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಎರಡನೆಯದು, ಮೂರನೆಯದು. ಅಕ್ಕನ ಮೊದಲ ಬಸಿರು ನಿಲ್ಲದಿದ್ದಾಗ ಅತ್ತೆ ಆಡಿದ ಮಾತಿಗೆ ಅವರು ಸುಮ್ಮನಿದ್ದದ್ದು ಒಂಬತ್ತನೆಯದು. ಅವರ ತಾಯಿ ತಲೆ ತಗ್ಗಿಸಿದರು. ಅಕ್ಕ ನನ್ನನ್ನು ನೋಡಿದಳು. ನಾನು ಮುಂದಿನ ಸಾಲನ್ನು ನೋಡುತ್ತಿದ್ದೆ. ಪ್ರತಿಯೊಂದಕ್ಕೂ ಭಾವ ‘ಒಪ್ಪಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಪದ್ಧತಿ ಕೆಲಸ ಮಾಡುತ್ತಿದೆ.

ಹದಿನೇಳನೆಯದು ಹೀಗಿತ್ತು. ಅದನ್ನೂ ಭಾವನೇ ಗಟ್ಟಿಯಾಗಿ ಓದಿದರು: ‘ಮೊದಲು ನೋಡಲು ಬಂದಿದ್ದ ಕೆ.ಆರ್. ನಗರದ ಹುಡುಗನನ್ನೇ ಮದುವೆಯಾಗಿದ್ದರೆ ನಾನು ಚೆನ್ನಾಗಿರುತ್ತಿದ್ದೆ ಎಂದು ಅಕ್ಕ ಅತ್ತಳು.’

ಯಾವಾಗಲೋ ಐದು ವರ್ಷದ ಹಿಂದೆ, ಯಾವುದೋ ಸಣ್ಣ ಮುನಿಸಿಗೆ, ಹಿತ್ತಲ ಕಲ್ಲಿನ ಮೇಲೆ ಆಡಿದ ಮಾತು. ಅವಳನ್ನು ಎಷ್ಟು ನೋಯಿಸಿದ್ದರು ಎಂಬುದಕ್ಕೆ ಪುರಾವೆ ಎಂದು ಸೇರಿಸಿದ್ದೆ. ಚಿಕ್ಕಪ್ಪ ಎದ್ದು ಜಗುಲಿಗೆ ಹೋದರು. ಅಕ್ಕನ ಮುಖ ಬಿಳುಚಿಕೊಂಡಿತ್ತು. ಭಾವ ಆ ಸಾಲಿನ ಮೇಲೆ ಮತ್ತೊಮ್ಮೆ ಬೆರಳು ಎಳೆದರು. ಆಮೇಲೆ ಅದರ ಕೆಳಗೂ ‘ಒಪ್ಪಿದೆ’ ಎಂದು ಬರೆದರು.

ಇಪ್ಪತ್ತಮೂರೂ ಒಪ್ಪಿದೆ. ಕೊನೆಯ ಸಹಿಗೆ ಕಾಗದವನ್ನು ಅಕ್ಕನ ಮುಂದೆ ಇಟ್ಟೆ. ಅವಳು ಸಹಿ ಹಾಕಲಿಲ್ಲ. ಒಳಗೆ ಹೋಗಿ ಬಟ್ಟೆಯ ಚೀಲ ತಂದಳು. “ನಡೀರಿ ಮನೆಗೆ” ಎಂದು ಗಂಡನಿಗೆ ಹೇಳಿದಳು. ಬಾಗಿಲಲ್ಲಿ ನನ್ನ ಹತ್ತಿರ ನಿಂತಳು.

“ನಿನ್ ಹತ್ರ ಅತ್ತಿದ್ದು ತಂಗಿ ಅಂತ ಕಣೆ, ರಿಜಿಸ್ಟ್ರಿ ಆಫೀಸು ಅಂತ ಅಲ್ಲ.”

ಹನ್ನೊಂದು ತಿಂಗಳ ಮಟ್ಟಿಗೆ ಅದು ಅವಳು ನನ್ನ ಜೊತೆ ಆಡಿದ ಕೊನೆಯ ಮಾತಾಯಿತು. ಕಡತದಲ್ಲಿ ನಾನು ‘ದಂಪತಿ ಒಟ್ಟಿಗೆ ಹೊರಟರು, ರಾಜಿ’ ಎಂದು ಬರೆದೆ. ಸುಳ್ಳಲ್ಲ. ಒಟ್ಟಿಗೇ ಹೊರಟರು. ಹೊರಟದ್ದು ನನ್ನಿಂದ.

ಮರುದಿನದಿಂದ ಫೋನ್ ಮಾಡಿದೆ. ಮೊದಮೊದಲು ಎತ್ತಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಸ್ವಿಚ್ ಆಫ್. ಒಟ್ಟು ಮೂವತ್ತೊಂದು ಸಲ ಮಾಡಿ ಬಿಟ್ಟೆ. ಅಮ್ಮ ಫೋನ್ ಬಳಸುವುದಿಲ್ಲ. ಅಮ್ಮನನ್ನು ನೋಡಲು ಅವಳು ಬರುತ್ತಿದ್ದದ್ದು ನಾನು ಕೋಟೆಗೋ ಕೆ.ಆರ್. ನಗರಕ್ಕೋ ಹೋದ ದಿನಗಳಲ್ಲಿ. ಸಂಜೆ ಬಂದರೆ ಮನೆಯಲ್ಲಿ ಅವಳು ತಂದ ಕಾಯಿ, ದಂಟಿನ ಸೊಪ್ಪು, ಅವಳು ಹೆಣೆದಿಟ್ಟು ಹೋದ ಹೂವು ಇರುತ್ತಿತ್ತು. “ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?” ಎಂದರೆ ಅಮ್ಮ “ಕೇಳ್ನಿಲ್ಲ” ಎನ್ನುವಳು. ಬೆಳಿಗ್ಗೆ ಎದ್ದು ನಾನು ಹುಣಸೂರಿನ ಬಸ್ಸು ಹತ್ತಿ ಕ್ಷಮೆಯ ಮಹತ್ವ ತಿಳಿಸಲು ಹೋಗುತ್ತಿದ್ದೆ. ಒಬ್ಬ ಅತ್ತೆ ನನ್ನ ಉಪನ್ಯಾಸ ಕೇಳಿ, “ನಿಮ್ಮನೇಲಿ ಎಲ್ರೂ ಅನ್ನೋನ್ಯವಾಗಿರ್ಬೇಕು, ಅಲ್ವಾ ಮೇಡಂ?” ಎಂದರು. ಹೌದು ಎಂದೆ. ವೃತ್ತಿಜೀವನದಲ್ಲಿ ಒಂದಿಷ್ಟು ಸುಳ್ಳು ಅನಿವಾರ್ಯ.

ಜೂನ್ 30ಕ್ಕೆ ಕೇಂದ್ರ ಮುಚ್ಚಿತು. ಬೀಳ್ಕೊಡುಗೆಯ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, “ಈಗ ಪುರುಸೊತ್ತಾಯ್ತಲ್ಲ, ಅಕ್ಕನ ಮನೆಗೆ ಹೋಗ್ಬುಟ್ಟು ಬಾ. ಪುಸ್ತಕ ತಗೊಂಡ್ ಹೋಗ್ಬೇಡ” ಎಂದರು. ಧೈರ್ಯ ಬರಲು ನಲವತ್ತೆಂಟು ದಿನ ಬೇಕಾಯಿತು.

ಹೋದ ಭಾನುವಾರ, ಆಗಸ್ಟ್ 17. ಪಿರಿಯಾಪಟ್ಟಣದಲ್ಲಿ ಬಸ್ಸು ಇಳಿದು ಆಟೊ ಹಿಡಿದು ಹೋದೆ. ಅವರ ಮನೆಯ ಮುಂದೆ ಚಪ್ಪರದ ಕೆಳಗೆ ಹಸಿ ಸೊಪ್ಪಿನ ರಾಶಿ. ಅಕ್ಕ ಕೆಳಗೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿಸಿದಳು. ಬ್ಯಾರನ್ ಏಣಿಯ ಮೇಲಿದ್ದ ಭಾವ ಮಾತ್ರ ದೊಡ್ಡದಾಗಿ ಕೂಗಿದರು.

“ಓಹೋ, ಶಶಿ! ಬಾರಮ್ಮ ಬಾ. ಏನು, ಇಪ್ಪತ್ತನಾಲ್ಕನೇದು ಏನಾದ್ರೂ ಸಿಕ್ತಾ?”

“ಇಲ್ಲ ಭಾವ” ಎಂದೆ.

“ಸಿಕ್ಕಿದ್ರೂ ಒಪ್ಪಿದೆ ಬುಡು. ಪೆನ್ನು ತಂದಿದ್ದೀಯಾ?”

ಅಕ್ಕನ ಎದುರು ರಾಶಿಯ ಈಚೆ ಬದಿಗೆ ಕೂತೆ. ಆರು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, “ಅಕ್ಕ, ನಾನು ಹಂಗೆ ಮಾಡಬಾರದಿತ್ತು. ನೀನು ಒಂದೇ ಬರೆದಿದ್ದೆ. ಒಂದೇ ಸಾಕಿತ್ತು” ಎಂದೆ. ಅವಳು ಎಲೆ ಕಟ್ಟುತ್ತಲೇ ಇದ್ದಳು. ಎರಡೆಲೆ ಈ ಕಡೆ, ಎರಡೆಲೆ ಆ ಕಡೆ, ದಾರದ ಒಂದು ಸುತ್ತು. ನಾನೂ ಒಂದು ಕಡ್ಡಿ ಎತ್ತಿಕೊಂಡೆ. ಚಿಕ್ಕಂದಿನಲ್ಲಿ ಅಭ್ಯಾಸವಿರಲಿಲ್ಲ, ನನ್ನ ಎಲೆಗಳು ಜಾರಿ ಬೀಳುತ್ತಿದ್ದವು. ಭಾವ ಏಣಿಯಿಂದ ಇಳಿದು ಬಂದು ಕಟ್ಟಿದ ಕಡ್ಡಿಗಳನ್ನು ಎತ್ತಿಕೊಳ್ಳುತ್ತ, ನನ್ನದನ್ನು ಅಲುಗಾಡಿಸಿ ನೋಡಿ, “ಇದು ಒಳಗೆ ಹೋದ್ರೆ ಒಲೆ ಮೇಲೆ ಬಿದ್ದು ಬ್ಯಾರನ್ ಸುಟ್ಟೋಯ್ತದೆ ಕಣಮ್ಮ” ಎಂದು ಬಿಚ್ಚಿ ಮತ್ತೆ ನನ್ನ ಮುಂದೆ ಹಾಕಿದರು.

ಒಂದು ಗಂಟೆಗೂ ಮೇಲೆ ಹೀಗೇ ಹೋಯಿತು. ಅಕ್ಕ ತುಟಿ ಬಿಚ್ಚಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಮಾತಾಡು ಅಕ್ಕ. ಇವತ್ತಿಗೆ ಮುನ್ನೂರ ಮೂವತ್ತಾರು ದಿನ ಆಯ್ತು.”

ಅಕ್ಕನ ಕೈ ನಿಂತಿತು. ಗಂಡನ ಕಡೆ ತಿರುಗಿದಳು. “ಕೇಳಿಸ್ಕೊಂಡ್ರಾ? ಎಣಿಸವ್ಳೆ! ಇದನ್ನೂ ಎಣಿಸವ್ಳೆ!” ಎಂದಳು. ಆಮೇಲೆ ನನ್ನ ಕಡೆಗೇ ನೇರವಾಗಿ, ಕಣ್ಣು ಕೆಂಪು ಮಾಡಿಕೊಂಡು: “ಯುಗಾದಿ ದಿನ ನಾನು ಫೋನ್ ಮಾಡಿರ್ನಿಲ್ವೇನೆ? ಒಂದ್ಸಲ ಅಲ್ಲ, ಎರಡ್ ಸಲ! ಎತ್ತಿದ್ಯಾ ನೀನು? ಅದನ್ನ ಎಲ್ಲಿ ಬರ್ಕಂಡಿದ್ದೀಯಾ?”

“ನೀನು? ನಿನ್ ನಂಬರ್ ಆಫ್ ಆಗಿತ್ತಲ್ಲ?”

“ಹಳೇ ಫೋನು ಸಂಕ್ರಾಂತಿಲಿ ತೊಟ್ಟಿಗೆ ಬಿತ್ತು. ಹೊಸ ಸಿಮ್ಮು. ಅಪ್ಪ ಇಲ್ದಿರೋ ಮೊದಲ್ನೇ ಯುಗಾದಿ, ಇವಳೇನ್ ಮಾಡ್ತಾವ್ಳೋ ಅಂತ ಮನಸ್ ತಡೀದೆ ಮಾಡ್ದೆ. ಎತ್ನಿಲ್ಲ. ಇನ್ನೊಂದ್ಸಲ ಮಾಡ್ದೆ. ಎತ್ನಿಲ್ಲ. ಸರಿ, ಅವಳಿಗೂ ಬ್ಯಾಡ ಅಂತ ಸುಮ್ಕಾದೆ.”

ಭಾವ ಏಣಿಯ ಮೇಲೆ ಅರ್ಧದಲ್ಲಿ ನಿಂತು, “ಹೋಗ್ಲಿ ಬುಡ್ರಮ್ಮ, ಇದ್ಕೆ ಇಬ್ರೂ ಒಪ್ಪಿದೆ ಅಂತ ಹಾಕಿ” ಎಂದರು. “ನೀವು ಸುಮ್ನಿರಿ” ಎಂದು ಅಕ್ಕ ಗದರಿದಳು. ಮತ್ತೆ ಎಲೆ ಕಟ್ಟತೊಡಗಿದಳು. ಊಟಕ್ಕೆ ಬಡಿಸಿದಳು. ನನಗೆ ಉಪ್ಪಿನಕಾಯಿ ಕೇಳದೆಯೇ ಹಾಕಿದಳು. ಸಂಜೆ ಹೊರಡುವಾಗ ಮಾತಾಡಲಿಲ್ಲ, ಹೊಸ ನಂಬರನ್ನೂ ಕೊಡಲಿಲ್ಲ. ಆಟೊ ತಿರುಗುವ ತನಕ ಚಪ್ಪರದ ಕೆಳಗೆ ನಿಂತಿದ್ದಳು ಅಷ್ಟೆ.

ಬಿಳಿಕೆರೆಗೆ ಬಂದು ಕೈ ಕೂಡ ತೊಳೆಯದೆ ದಿನಚರಿ ತೆಗೆದೆ. ಮಾರ್ಚ್ 30, ಭಾನುವಾರ, ಯುಗಾದಿ. ಬೇವು ಬೆಲ್ಲ. ಒಬ್ಬಟ್ಟು ಹದಿನೆಂಟು. ಅಮ್ಮ ಎರಡು ಸಲ ಅತ್ತಳು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ, ಹತ್ತು ಅಂಕಿಯ ಒಂದು ನಂಬರಿನ ಪಕ್ಕ: ‘11.40, 11.43. ಗೊತ್ತಿಲ್ಲದ ನಂಬರು. ಯಾರೋ ಕೇಸಿನವರು. ಹಬ್ಬದ ದಿನವೂ ಬಿಡುವುದಿಲ್ಲ. ಎತ್ತಲಿಲ್ಲ.’

ಹಾಗೆ ನನ್ನ ಹತ್ತಿರ ಅವಳ ಹೊಸ ನಂಬರು ಐದು ತಿಂಗಳಿಂದ ಇದೆ. ಈ ಒಂದು ವಾರದಲ್ಲಿ ಅದನ್ನು ಒತ್ತಲು ನಾಲ್ಕು ಸಲ ಹೋಗಿ ಬಿಟ್ಟಿದ್ದೇನೆ. ಮೊದಲ ಸಲ ಎತ್ತದೆ ಹೋದರೆ ಎರಡನೆಯ ಸಲ ಒತ್ತಲು ನನ್ನಿಂದ ಆಗುತ್ತದೆಯೇ ಎಂಬುದು ಭಯ. ಅಕ್ಕನಿಂದ 11.40ಕ್ಕೂ 11.43ಕ್ಕೂ ನಡುವೆ ಅದು ಆಯಿತು. ಆ ಮೂರು ನಿಮಿಷದ ಬಗ್ಗೆ ನನ್ನ ಯಾವ ಪುಸ್ತಕದಲ್ಲೂ ಏನೂ ಇಲ್ಲ. ಓದುವವರಲ್ಲಿ ಯಾರಾದರೂ ಹೀಗೆ, ತಮ್ಮನ್ನು ನೋಯಿಸಿದವರಿಗೆ ತಾವೇ ಫೋನ್ ಮಾಡಿ, ಅವರು ಎತ್ತದೆ ಇದ್ದಾಗ ಮೂರು ನಿಮಿಷ ಕಾದು ಮತ್ತೊಮ್ಮೆ ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ. ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ, ಅಷ್ಟು ತಿಳಿಸಿದರೆ ಸಾಕು. ದಿನಾಂಕ ಬೇಡ.